ಡ್ವೊರ್ಝಾಕನ ಪುತ್ರಶೋಕಗೀತೆ

ಶೇಡಬಾಳದ ಬಸದಿಯಲ್ಲಿ ಭಕ್ತಾಮರಸ್ತೋತ್ರವನ್ನು ಕೇಳಿದವರು, ಸಂಸ್ಕೃತವನ್ನರಿಯದವರಿಗೂ ಅದು ಹೃದ್ಗತವಾಗುವುದನ್ನು ಬಲ್ಲರು. ಯೂರೋಪಿನಲ್ಲಿ ಲ್ಯಾಟಿನ್ ಸ್ತೋತ್ರಗಳಿಗೂ ಅಂತಹುದೇ ಸ್ಥಾನವುಂಟು.

13ನೆಯ ಶತಮಾನದ ‘ಸ್ತಾಬಾತ್ ಮಾತೆರ್’ ಎಂಬ ಸ್ತೋತ್ರವು ಶಿಲುಬೆಯಡಿಯಲ್ಲಿ ನಿಂತ ಏಸುವಿನ ತಾಯಿಯ ಶೋಕವನ್ನು ಬಣ್ಣಿಸುತ್ತದೆ. ಬೊಹೀಮಿಯದ ಆಂಟೊನಿನ್ ಡ್ವೊರ್ಝಾಕನು 1875ರಲ್ಲಿ ಎರಡು ದಿನದ ಹೆಣ್ಣುಕೂಸನ್ನು ಕಳೆದುಕೊಂಡನು. ಮರುವರ್ಷ ಈ ಸ್ತೋತ್ರಕ್ಕೆ ಸ್ವರಸಂಯೋಜನೆಯನ್ನಾರಂಭಿಸಿ, ನಡುವೆ ಬದಿಗಿರಿಸಿದನು. 1877ರಲ್ಲಿ ಉಳಿದಿಬ್ಬರು ಮಕ್ಕಳೂ ತೀರಿಕೊಂಡರು. ಆಗ ಮತ್ತೆ ಕೈಗೆತ್ತಿಕೊಂಡು ಅದೇ ವರ್ಷ ಮುಗಿಸಿದನು. 1880ರಲ್ಲಿ ಪ್ರಾಗ್ ನಗರವು ಅದನ್ನು ಮೊದಲು ಕೇಳಿತು.

ಕೃತಿಯಲ್ಲಿ 10 ಭಾಗಗಳಿವೆ. ನಾಲ್ವರು ಗಾಯಕರು, ಹಾಡುಮೇಳ, ವಾದ್ಯವೃಂದ. ಆದಿಯಲ್ಲಿ ಒಂದೇ ಸ್ವರವು ಸ್ಥಾಯಿಯಿಂದ ಸ್ಥಾಯಿಗೇರಿ, ಬಳಿಕ ಅರೆಸ್ವರಗಳ ಮೆಟ್ಟಿಲಲ್ಲಿ ಮೆಲ್ಲನಿಳಿಯುತ್ತದೆ. ಕೊನೆಯ ಭಾಗದಲ್ಲಿ ಆ ಶೋಕವೇ ಮರಳಿ ಬಂದು, ಬೆಳಕಿನ ಸ್ವರಮೇಳಕ್ಕೆ ತಿರುಗುತ್ತದೆ. ಶ್ರೋತೃಗಳು ಭಾಷೆಯನ್ನರಿಯದಿದ್ದರೂ ಈ ತಿರುವಿಗೆ ಕಿವಿಗೊಡಬೇಕು. ತಂದೆಯ ದುಃಖವು ಪ್ರಾರ್ಥನೆಯಾದುದು ಅಲ್ಲಿಯೇ.