ಶಿಕ್ಷೆ ಮುಗಿದರೂ ಮುಗಿಯದ ದಾಖಲೆ

ಸರ್ಕಾರಿ ನೌಕರಿಗೆ ಆಯ್ಕೆಯಾದವರ ಮನೆಯಲ್ಲಿ ಸಿಹಿ ಹಂಚುವುದು ಪಟ್ಟಿ ಪ್ರಕಟವಾದ ದಿನ. ನೇಮಕಾತಿ ಆದೇಶ ಕೈಗೆ ಬರುವುದು ಆಮೇಲೆ. ಈ ಎರಡರ ನಡುವೆ ಒಂದು ಪೊಲೀಸ್ ಠಾಣೆ ಇದೆ. ಅಭ್ಯರ್ಥಿಯ ಪೂರ್ವಾಪರ ಪರಿಶೀಲನೆ ನಡೆಯುವುದು ಅಲ್ಲಿ. ಅದಕ್ಕೆಂದು ತುಂಬಿಕೊಡಬೇಕಾದ ನಮೂನೆಯಲ್ಲಿ ಕೆಲವು ಪ್ರಶ್ನೆಗಳಿರುತ್ತವೆ. ನಿಮ್ಮನ್ನು ಎಂದಾದರೂ ಬಂಧಿಸಲಾಗಿದೆಯೇ? ನಿಮ್ಮ ಮೇಲೆ ಮೊಕದ್ದಮೆ ಇತ್ತೇ? ಶಿಕ್ಷೆಯಾಗಿದೆಯೇ? ಹೆಚ್ಚಿನವರು ‘ಇಲ್ಲ’ ಎಂದು ಬರೆದು ಮುಂದಿನ ಸಾಲಿಗೆ ಹೋಗುತ್ತಾರೆ. ‘ಹೌದು’ ಎಂದು ಬರೆಯಬೇಕಾದವರ ಪೆನ್ನು ಮಾತ್ರ ಅಲ್ಲೇ ನಿಲ್ಲುತ್ತದೆ.

ಕಾನೂನು ಪ್ರತಿ ಶಿಕ್ಷೆಗೂ ಒಂದು ಅವಧಿ ಇಟ್ಟಿದೆ. ಎರಡು ವರ್ಷದ ಸಜೆ ಎಂದರೆ ಎರಡು ವರ್ಷ. ಆದರೆ ಆ ಸಜೆಯ ದಾಖಲೆಗೆ ಅಂತಹ ಅವಧಿ ಇಲ್ಲ. ನ್ಯಾಯಾಲಯ ವಿಧಿಸದ ಈ ಎರಡನೆಯ ಶಿಕ್ಷೆಯನ್ನು ಕಚೇರಿಗಳು, ಕಾರ್ಖಾನೆಗಳು, ಕಾಲೇಜುಗಳು ಮೌನವಾಗಿ ಜಾರಿಗೊಳಿಸುತ್ತವೆ. ಇದು ಇಂದು ಹುಟ್ಟಿದ ಸಮಸ್ಯೆಯಲ್ಲ. ತಪ್ಪು ಮಾಡುವ ಮೊದಲೇ, ಹುಟ್ಟಿನಿಂದಲೇ ದಾಖಲೆ ಆರಂಭವಾಗುತ್ತಿದ್ದ ಕಾಲವೊಂದು ನಮ್ಮ ದೇಶದಲ್ಲಿತ್ತು.

ಹುಟ್ಟೇ ಅಪರಾಧ

1871ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಸರ್ಕಾರ ‘ಅಪರಾಧಿ ಬುಡಕಟ್ಟುಗಳ ಕಾಯ್ದೆ’ಯನ್ನು ಜಾರಿಗೆ ತಂದಿತು. ನೇಕಾರನ ಮಗ ನೇಕಾರನಾಗುವಂತೆ ಕಳ್ಳನ ಮಗ ಕಳ್ಳನೇ ಆಗುತ್ತಾನೆ ಎಂಬ ತರ್ಕ ಅದರ ಹಿಂದಿತ್ತು. ಮೊದಲು ಉತ್ತರ ಭಾರತಕ್ಕೆ ಸೀಮಿತವಾಗಿದ್ದ ಕಾಯ್ದೆ 1911ರಲ್ಲಿ ಇಡೀ ಬ್ರಿಟಿಷ್ ಭಾರತಕ್ಕೆ ವಿಸ್ತರಿಸಿತು. ಒಂದು ಸಮುದಾಯವನ್ನು ಅಪರಾಧಿ ಎಂದು ಘೋಷಿಸಿದರೆ ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿರಲಿಲ್ಲ. ಹೆಸರು ಠಾಣೆಯ ಪುಸ್ತಕಕ್ಕೆ ಸೇರುತ್ತಿತ್ತು. ಆಮೇಲೆ ಹಾಜರಿ ಕೊಡಬೇಕು, ಊರು ಬಿಟ್ಟು ಹೋಗಲು ಪಾಸು ಪಡೆಯಬೇಕು. ಮಕ್ಕಳನ್ನು ತಂದೆ ತಾಯಿಯಿಂದ ಬೇರ್ಪಡಿಸಿ ಇಡುವುದಕ್ಕೂ ಕಾನೂನಿನಲ್ಲಿ ಅವಕಾಶವಿತ್ತು.

ನಮ್ಮ ನಾಡಿನ ಕೊರಮ, ಕೊರಚ, ಗಂಟಿಚೋರ, ಹರಣಶಿಕಾರಿ, ಛಪ್ಪರಬಂದ್ ಮೊದಲಾದ ಸಮುದಾಯಗಳು ಈ ಬಲೆಗೆ ಬಿದ್ದವು. ಇವರಲ್ಲಿ ಕೊರಮ-ಕೊರಚರ ಕಥೆಯನ್ನು ನೋಡಿ. ಎತ್ತು, ಕತ್ತೆಗಳ ಮೇಲೆ ಉಪ್ಪು ಮತ್ತು ಧಾನ್ಯ ಹೇರಿಕೊಂಡು ಊರೂರು ಅಲೆಯುತ್ತಿದ್ದ ವ್ಯಾಪಾರಿಗಳು ಇವರಲ್ಲಿ ಬಹಳ ಮಂದಿ. ರೈಲು ಬಂತು, ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು. ಕಸುಬು ಹೋಯಿತು, ಅಲೆದಾಟ ಉಳಿಯಿತು. ಕಸುಬಿಲ್ಲದೆ ಅಲೆಯುವವರು ಸರ್ಕಾರದ ಕಣ್ಣಿಗೆ ಕಳ್ಳರಾಗಿ ಕಂಡರು.

ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಹುಬ್ಬಳ್ಳಿ, ಗದಗ, ಬಿಜಾಪುರಗಳಲ್ಲಿ ಇವರಿಗಾಗಿ ‘ಸೆಟ್ಲಮೆಂಟ್’ಗಳನ್ನು ತೆರೆಯಲಾಯಿತು. ಹುಬ್ಬಳ್ಳಿಯಲ್ಲಿ ಆ ಹೆಸರು ಇಂದಿಗೂ ಜನರ ಬಾಯಲ್ಲಿದೆ. ಅಲ್ಲಿ ಇರಿಸಲಾದವರಿಗೆ ಗಿರಣಿಗಳಲ್ಲಿ ಕೆಲಸವಿತ್ತು, ಮಕ್ಕಳಿಗೆ ಶಾಲೆಯೂ ಇತ್ತು. ದುಡಿಮೆಯಿಂದ ಇವರನ್ನು ಸುಧಾರಿಸುತ್ತೇವೆ ಎಂಬುದು ಅಧಿಕಾರಿಗಳ ಮಾತು. ಆದರೆ ಗಿರಣಿಯ ಪಾಳಿ ಮುಗಿದ ಮೇಲೂ ಹಾಜರಿ ತಪ್ಪುತ್ತಿರಲಿಲ್ಲ. ದುಡಿಯುವ ಅವಕಾಶ ಸಿಕ್ಕರೂ ಎಲ್ಲರಂತೆ ದುಡಿಯುವ ಗೌರವ ಸಿಗಲಿಲ್ಲ.

ಸ್ವಾತಂತ್ರ್ಯಾನಂತರ ಅನಂತಶಯನಂ ಅಯ್ಯಂಗಾರ್ ಸಮಿತಿ ಈ ಕಾಯ್ದೆಯ ರದ್ದತಿಗೆ ಶಿಫಾರಸು ಮಾಡಿತು. 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಆ ದಿನವನ್ನು ಈ ಸಮುದಾಯಗಳು ವಿಮುಕ್ತಿ ದಿನವೆಂದು ಆಚರಿಸುತ್ತವೆ. ಆದರೆ ಹಲವು ರಾಜ್ಯಗಳು ‘ರೂಢಿಗತ ಅಪರಾಧಿಗಳ ಕಾಯ್ದೆ’ಗಳನ್ನು ತಂದವು. ಸಮುದಾಯದ ಬದಲು ವ್ಯಕ್ತಿಯ ಹೆಸರು ದಾಖಲಾಯಿತು, ಠಾಣೆಯ ಅನುಮಾನ ಮಾತ್ರ ಹಳೆಯ ದಾರಿಯಲ್ಲೇ ನಡೆಯಿತು. 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಹಿಂದುಳಿದ ಮತ್ತು ವಿಮುಕ್ತ ಸಮುದಾಯಗಳವರ ಹೆಸರುಗಳನ್ನು ಯಾಂತ್ರಿಕವಾಗಿ ಪೊಲೀಸ್ ದಾಖಲೆಗೆ ಸೇರಿಸಬಾರದೆಂದು ಎಚ್ಚರಿಸಬೇಕಾಯಿತು. ಅದೇ ಅಕ್ಟೋಬರ್‌ನಲ್ಲಿ ಜೈಲಿನ ರಿಜಿಸ್ಟರುಗಳಿಂದ ಜಾತಿಯ ಕಲಂ ತೆಗೆದುಹಾಕಲು ಆದೇಶಿಸಿತು. ಕಾಯ್ದೆ ಸತ್ತು 72 ವರ್ಷಗಳಾದ ಮೇಲೆ ಬಂದ ಮಾತುಗಳಿವು.

ಬರೆದರೂ ಕಷ್ಟ, ಬಿಟ್ಟರೂ ಕಷ್ಟ

ಈಗ ನಮೂನೆಯ ಪ್ರಶ್ನೆಗೆ ಮರಳೋಣ. ಇಂದು ಆ ಪ್ರಶ್ನೆ ಯಾವ ಜಾತಿಯವರನ್ನೂ ಬಿಡುವುದಿಲ್ಲ. ಕಾಲೇಜಿನ ದಿನಗಳಲ್ಲಿ ಮುಷ್ಕರಕ್ಕೆ ಹೋದವನು, ಹೊಲದ ಬದುವಿನ ಜಗಳದಲ್ಲಿ ಅಣ್ಣತಮ್ಮಂದಿರ ಜೊತೆ ಹೆಸರು ಸೇರಿಸಿಕೊಂಡವನು, ಎಲ್ಲರೂ ಉತ್ತರ ಕೊಡಬೇಕು. ರಾಜಿಯಾದ ಪ್ರಕರಣವಾದರೂ ಸರಿ, ಖುಲಾಸೆಯಾದರೂ ಸರಿ.

ಮುಚ್ಚಿಟ್ಟರೆ ಏನು? 2016ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಈ ಗೊಂದಲಕ್ಕೆ ಉತ್ತರ ನೀಡಿತು. ಅಭ್ಯರ್ಥಿ ಕೊಡುವ ಮಾಹಿತಿ ನಿಜವಾಗಿರಲೇಬೇಕು. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂತಹ ಸಣ್ಣ ಪ್ರಕರಣವನ್ನು ಮುಚ್ಚಿಟ್ಟಿದ್ದರೆ ಕೆಲಸ ಕೊಡುವವರು ಅದನ್ನು ಮನ್ನಿಸಬಹುದು. ಎಲ್ಲವನ್ನೂ ಪ್ರಾಮಾಣಿಕವಾಗಿ ಬರೆದವನನ್ನೂ ನೇಮಿಸಿಕೊಳ್ಳಲೇಬೇಕೆಂಬ ಕಡ್ಡಾಯವಿಲ್ಲ. ಅಂದರೆ ಸುಳ್ಳು ಹೇಳಿದರೆ ನೌಕರಿ ಹೋಗಬಹುದು, ನಿಜ ಹೇಳಿದರೆ ನೌಕರಿ ಬಾರದಿರಬಹುದು.

ಇದಕ್ಕೆ ಮುಂಚೆ, 2011ರಲ್ಲಿ, ದೆಹಲಿ ಪೊಲೀಸ್ ಇಲಾಖೆಯ ಅಭ್ಯರ್ಥಿಯೊಬ್ಬನ ಪ್ರಕರಣದಲ್ಲಿ ಅದೇ ನ್ಯಾಯಾಲಯ ಮೃದುವಾದ ನಿಲುವು ತಾಳಿತ್ತು. ಇಪ್ಪತ್ತರ ಹರೆಯದ ಜಗಳವೊಂದು ರಾಜಿಯಲ್ಲಿ ಮುಗಿದಿತ್ತು, ಅರ್ಜಿಯಲ್ಲಿ ಅವನು ಅದನ್ನು ಹೇಳಿರಲಿಲ್ಲ. ನ್ಯಾಯಾಲಯ ಅವನ ಪರವಾಗಿ ತೀರ್ಪಿತ್ತು, ವಿಕ್ಟರ್ ಹ್ಯೂಗೊ ಕಾದಂಬರಿಯ ಜೀನ್ ವಾಲ್ಜೀನ್‌ನನ್ನು ನೆನೆಯಿತು. ರೊಟ್ಟಿ ಕದ್ದು ಜೈಲು ಸೇರಿದ ಆ ಬಡವ ಬಿಡುಗಡೆಯಾಗಿ ಬಂದಾಗ, ಕೈಯಲ್ಲಿದ್ದ ಹಳದಿ ಚೀಟಿಯಿಂದಾಗಿ ಯಾವ ಛತ್ರದಲ್ಲೂ ಅವನಿಗೆ ಜಾಗ ಸಿಗುವುದಿಲ್ಲ.

ದಾಖಲೆಯೊಂದೇ ಎಷ್ಟು ಬಾಗಿಲುಗಳನ್ನು ಮುಚ್ಚುತ್ತದೆ? ಇದನ್ನು ಅಳೆಯಲು ಹೊರಟವರು ಅಮೆರಿಕದ ಸಮಾಜಶಾಸ್ತ್ರಜ್ಞೆ ದೇವಾ ಪೇಜರ್. ಮಿಲ್ವಾಕಿ ನಗರದಲ್ಲಿ ಒಂದೇ ಬಗೆಯ ಅರ್ಹತೆ ತೋರಿಸುವ ಯುವಕರನ್ನು ಅವರು ಕೆಲಸ ಕೇಳಲು ಕಳುಹಿಸಿದರು. ಸರದಿಯಂತೆ ಒಬ್ಬನು ಮಾತ್ರ ತಾನು ಜೈಲಿಗೆ ಹೋಗಿ ಬಂದವನೆಂದು ಹೇಳಬೇಕಿತ್ತು. 2003ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ದಾಖಲೆ ಇಲ್ಲದ ಬಿಳಿಯರಲ್ಲಿ ಶೇ 34 ಮಂದಿಗೆ ಮರಳಿ ಕರೆ ಬಂತು, ದಾಖಲೆ ಇದ್ದ ಬಿಳಿಯರಲ್ಲಿ ಶೇ 17. ಕರಿಯರಲ್ಲಿ ದಾಖಲೆ ಇಲ್ಲದವರಿಗೆ ಶೇ 14, ಇದ್ದವರಿಗೆ ಶೇ 5. ಏನೂ ತಪ್ಪು ಮಾಡದ ಕರಿಯನಿಗಿಂತ ಜೈಲು ಕಂಡ ಬಿಳಿಯನೇ ಮೇಲು ಎಂದಾಯಿತು! ಹುಟ್ಟನ್ನೇ ದಾಖಲೆಯಾಗಿ ಓದುವ ಚಾಳಿ 1871ರ ಕಾಯ್ದೆಯದು ಮಾತ್ರವಲ್ಲ ಎಂಬುದು ಇದರಿಂದ ಸ್ಪಷ್ಟ.

ಮರೆಯುವ ಕಾನೂನು

ದಾಖಲೆಗೂ ಅವಧಿ ಇರಬೇಕೆಂದು ಒಪ್ಪಿದ ದೇಶಗಳುಂಟು. ಬ್ರಿಟನ್ 1974ರಲ್ಲೇ ಒಂದು ಕಾಯ್ದೆ ಮಾಡಿ, ಸಣ್ಣ ಶಿಕ್ಷೆ ಅನುಭವಿಸಿದವರು ನಿಗದಿತ ವರ್ಷಗಳ ಕಾಲ ಹೊಸ ತಪ್ಪು ಮಾಡದಿದ್ದರೆ ಆ ಶಿಕ್ಷೆ ‘ಮುಗಿದುಹೋದದ್ದು’ ಎಂದು ಸಾರಿತು. ಬಳಿಕ ಅದನ್ನು ಸಾಮಾನ್ಯ ಉದ್ಯೋಗಗಳ ಅರ್ಜಿಯಲ್ಲಿ ಹೇಳಬೇಕಾಗಿಲ್ಲ. ಹಸುಳೆಗಳು, ಅಸಹಾಯಕರೊಂದಿಗೆ ಕೆಲಸ ಮಾಡುವಂತಹ ಉದ್ಯೋಗಗಳಿಗೆ ವಿನಾಯಿತಿ ಇದೆ. ಅದು ನ್ಯಾಯವೂ ಹೌದು. ಪುಟ್ಟ ಮಕ್ಕಳ ಶಾಲೆಗೆ ಕಾವಲುಗಾರನನ್ನು ನೇಮಿಸುವವರಿಗೆ ಅವನ ಹಿಂದಿನದನ್ನು ಕೇಳುವ ಹಕ್ಕಿಲ್ಲವೆಂದು ಯಾರು ಹೇಳಿಯಾರು?

ನಮ್ಮಲ್ಲಿ ವಯಸ್ಕರಿಗೆ ಇಂತಹ ಸಮಗ್ರ ಕಾನೂನಿಲ್ಲ. ಆದರೆ ಬೀಜಗಳಿವೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 12ನೇ ಕಲಂ, ಎಚ್ಚರಿಕೆ ನೀಡಿ ಅಥವಾ ಸನ್ನಡತೆಯ ಆಧಾರದ ಮೇಲೆ ಬಿಡುಗಡೆಯಾದವರಿಗೆ ಆ ಅಪರಾಧದಿಂದ ಅನರ್ಹತೆ ತಟ್ಟಬಾರದೆನ್ನುತ್ತದೆ. 2015ರ ಬಾಲನ್ಯಾಯ ಕಾಯ್ದೆ ಇನ್ನೂ ಮುಂದೆ ಹೋಗಿದೆ. ಘೋರ ಅಪರಾಧದ ಕೆಲವು ಸಂದರ್ಭಗಳನ್ನು ಬಿಟ್ಟರೆ, ಕಾನೂನಿನ ಸಂಘರ್ಷಕ್ಕೆ ಸಿಕ್ಕ ಮಕ್ಕಳ ದಾಖಲೆಯನ್ನು ನಾಶಪಡಿಸಬೇಕೆಂದೇ ಅದರ 24ನೇ ಕಲಂ ಹೇಳುತ್ತದೆ. ಬದುಕು ಹೊಸದಾಗಿ ಆರಂಭವಾಗಲಿ ಎಂಬುದೇ ಆಶಯ. ಹದಿನೇಳರ ಹುಡುಗನಿಗೆ ಸಲ್ಲುವ ಈ ಔದಾರ್ಯ ಹತ್ತೊಂಬತ್ತರವನಿಗೆ ಒಂದಿಷ್ಟೂ ಸಲ್ಲಬಾರದೇ?

ದಾಖಲೆಗಿಂತ ಮಾತು ಹೆಚ್ಚು ಕಾಲ ಬಾಳುತ್ತದೆ. ನಮ್ಮ ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ‘ಗಂಟಿಚೋರ’ ಎಂಬ ಹೆಸರು ಈಗಲೂ ಇದೆ. ಆ ಸಮುದಾಯದ ಹುಡುಗಿಯೊಬ್ಬಳು ಕಾಲೇಜಿಗೆ ಸೇರಲು, ನೌಕರಿಗೆ ಅರ್ಜಿ ಹಾಕಲು ತಹಶೀಲ್ದಾರರ ಸಹಿ ಇರುವ ಪ್ರಮಾಣಪತ್ರ ತರಬೇಕು. ಅವಳಿಗೆ ಮೀಸಲಾತಿಯ ಬಾಗಿಲು ತೆರೆಯುವ ಆ ಕಾಗದದ ಮೇಲೆಯೇ ‘ಚೋರ’ ಎಂಬ ಶಬ್ದವೂ ಇರುತ್ತದೆ. ಅವಳ ಮೇಲೆ ಯಾವ ಠಾಣೆಯಲ್ಲೂ ಯಾವ ಮೊಕದ್ದಮೆಯೂ ಇಲ್ಲ.