ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆ: ಅಂದಾಜು ಪಟ್ಟಿಯಲ್ಲಿ ಕಾಣದ ಲೆಕ್ಕ

ಐವತ್ತು ದಾಟಿದ ವ್ಯಾಪಾರಸ್ಥರಲ್ಲಿ ಅನೇಕರು ರಾತ್ರಿ ಮೂರು-ನಾಲ್ಕು ಬಾರಿ ಮೂತ್ರಕ್ಕೆಂದು ಏಳುವುದನ್ನು ವಯೋಧರ್ಮವೆಂದು ಸಹಿಸಿಕೊಳ್ಳುತ್ತಾರೆ. ಸಕ್ಕರೆ ಕಾಯಿಲೆಯಂತೆಯೇ, ಪ್ರಾಸ್ಟೇಟ್ ಗ್ರಂಥಿಯು ಹಿಗ್ಗಿ ಮೂತ್ರನಾಳವನ್ನು ಒತ್ತುವುದೂ ಇದಕ್ಕೆ ಕಾರಣವಾಗಿರಬಹುದು. ಈ ಹಿಗ್ಗುವಿಕೆಯು ಕ್ಯಾನ್ಸರ್ ಅಲ್ಲ. ಹಲವರಿಗೆ ಮಾತ್ರೆಗಳಿಂದಲೇ ಉಪಶಮನ ದೊರೆಯುತ್ತದೆ. ಆದರೆ ಮೂತ್ರವು ಪದೇ ಪದೇ ಕಟ್ಟಿಕೊಂಡರೆ ಅಥವಾ ಮೂತ್ರಪಿಂಡಗಳಿಗೆ ಹಾನಿ ತಟ್ಟಿದರೆ ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದು ಚಕ್ರಬಡ್ಡಿಯ ಸಾಲವನ್ನು ಮರೆತು ಕುಳಿತಂತೆ.

ಆಸ್ಪತ್ರೆಗಳ ಅಂದಾಜು ಪಟ್ಟಿಗಳನ್ನು ಕೊಟೇಷನ್‌ಗಳಂತೆ ಜೋಡಿಸಿ ಕನಿಷ್ಠ ದರವನ್ನು ಆರಿಸುವ ಕ್ರಮ ಇಲ್ಲಿ ಸಲ್ಲದು. ಗ್ರಂಥಿಯ ಗಾತ್ರವೇ ಮೊದಲ ಪ್ರಶ್ನೆ. ಮೂತ್ರನಾಳದ ಮೂಲಕ ಗ್ರಂಥಿಯನ್ನು ಹೆರೆದು ತೆಗೆಯುವ ಟಿ.ಯು.ಆರ್.ಪಿ. ವಿಧಾನವು ದಶಕಗಳಿಂದ ಪ್ರಮಾಣವೆನಿಸಿದೆ. ಮಧ್ಯಮ ಗಾತ್ರಕ್ಕೆ ಅದು ಇಂದಿಗೂ ಸಮರ್ಪಕ. ಅದರ ಬೈಪೋಲಾರ್ ಮಾದರಿಯಲ್ಲಿ ಸಲೈನ್ ಬಳಸುವುದರಿಂದ, ರಕ್ತದ ಸೋಡಿಯಂ ಕುಸಿಯುವ ಹಳೆಯ ಅಪಾಯವು ಬಹಳವಾಗಿ ತಗ್ಗಿದೆ. ಸುಮಾರು 80 ಗ್ರಾಂ ಮೀರಿದ ಗ್ರಂಥಿಗೆ ಹಿಂದೆ ಹೊಟ್ಟೆಯನ್ನು ಕೊಯ್ಯಬೇಕಾಗುತ್ತಿತ್ತು. ಹೋಲ್ಮಿಯಂ ಲೇಸರ್‌ನಿಂದ ಗ್ರಂಥಿಯ ಒಳಭಾಗವನ್ನೇ ಬಿಡಿಸಿ ತೆಗೆಯುವ ಹೋಲೆಪ್ ವಿಧಾನವು ಎಲ್ಲ ಗಾತ್ರಕ್ಕೂ ಒದಗುತ್ತದೆ. ರಕ್ತಸ್ರಾವ ಕಡಿಮೆ, ಕ್ಯಾತಿಟರ್ ಬೇಗ ಹೊರಬರುತ್ತದೆ, ಮರುಶಸ್ತ್ರಚಿಕಿತ್ಸೆ ವಿರಳ. ಆದರೆ ಕೆಲವರಿಗೆ ಕೆಲಕಾಲ ಮೂತ್ರ ಸೋರುವುದುಂಟು. ಇದನ್ನು ಕಲಿಯುವುದೂ ಸುಲಭವಲ್ಲ; ಆದ್ದರಿಂದ ಯಂತ್ರದ ಹೆಸರಿಗಿಂತ ವೈದ್ಯರ ಅನುಭವವನ್ನು ವಿಚಾರಿಸುವುದು ಲೇಸು. ರಕ್ತ ತಿಳಿಯಾಗಿಸುವ ಔಷಧ ಸೇವಿಸುವವರಿಗೆ ಗ್ರೀನ್ ಲೇಸರ್ ಅನುಕೂಲ. ಅದರಲ್ಲಿ ಅಂಗಾಂಶವು ಆವಿಯಾಗುವುದರಿಂದ ಪರೀಕ್ಷೆಗೆ ತುಣುಕು ಉಳಿಯದು. ಈ ವಿಧಾನಗಳ ನಂತರ ವೀರ್ಯವು ಹಿಮ್ಮುಖವಾಗಿ ಮೂತ್ರಕೋಶಕ್ಕೆ ಹರಿಯುವುದು ಸಾಮಾನ್ಯ. ಸಂಕೋಚದಿಂದ ಯಾರೂ ಕೇಳದ ಈ ಸಂಗತಿಯನ್ನು ಮೊದಲೇ ಕೇಳಿ ತಿಳಿಯಬೇಕು.

ಇನ್ನು ವಿಮೆ. ಅನೇಕ ಪಾಲಿಸಿಗಳಲ್ಲಿ ಈ ಕಾಯಿಲೆಗೆ 24 ತಿಂಗಳ ಕಾಯುವ ಅವಧಿಯಿದೆ. ಲಕ್ಷಣ ಕಂಡ ಮೇಲೆ ಪಾಲಿಸಿ ಕೊಂಡವರಿಗೆ ನಿರಾಶೆ ಖಚಿತ. 2020ರಲ್ಲಿ ಬಂದ ಆರೋಗ್ಯ ಸಂಜೀವಿನಿ ಪಾಲಿಸಿಯ ಮೂಲ ಷರತ್ತಿನಲ್ಲಿ ಪ್ರಾಸ್ಟೇಟ್‌ನ ಲೇಸರ್ ಚಿಕಿತ್ಸೆಯನ್ನು ಆಧುನಿಕ ಚಿಕಿತ್ಸೆಗಳ ಪಟ್ಟಿಗೆ ಸೇರಿಸಿ, ವಿಮಾ ಮೊತ್ತದ ಶೇ. 50ರ ಮಿತಿ ವಿಧಿಸಲಾಗಿತ್ತು. ಅಂದರೆ 2 ಲಕ್ಷದ ಪಾಲಿಸಿಗೆ 1 ಲಕ್ಷ ಮಾತ್ರ. ಕೊಠಡಿ ಬಾಡಿಗೆಯು ಮಿತಿ ಮೀರಿದರೆ ಇತರ ಶುಲ್ಕಗಳಲ್ಲೂ ಅದೇ ಪ್ರಮಾಣದ ಕಡಿತ ಮಾಡುವ ಪಾಲಿಸಿಗಳಿವೆ. ವಿಧಾನದ ಹೆಸರನ್ನು ಸ್ಪಷ್ಟವಾಗಿ ನಮೂದಿಸಿ, ದಾಖಲಾಗುವ ಮೊದಲೇ ವಿಮಾ ಸಂಸ್ಥೆಯಿಂದ ಲಿಖಿತ ಉತ್ತರ ಪಡೆಯತಕ್ಕದ್ದು.