ಹುರಿದ ಬಾರ್ಲಿಯ ಜೊತೆಗೆ ಹುರಿದ ಬೀಜ

ಬಿಯರಿಗೆ ಕಾಫಿ ಬೆರೆಸುತ್ತಾರೆ ಎಂದರೆ ನಮ್ಮಲ್ಲಿ ಎರಡು ಬಣದವರಿಗೂ ಸಿಟ್ಟು ಬರುತ್ತದೆ. ಫಿಲ್ಟರ್ ಕಾಫಿಯವರಿಗೆ ಅದು ಅಪಚಾರ, ಬಿಯರಿನವರಿಗೆ ಅದು ಚೇಷ್ಟೆ. ಆದರೂ ಕಾಫಿ ಸ್ಟೌಟ್ ಎಂಬ ಕಪ್ಪು ಬಿಯರು ಸುಮಾರು ಮೂವತ್ತು ವರ್ಷಗಳಿಂದ ಅಮೆರಿಕ, ಕೆನಡಾ, ಡೆನ್ಮಾರ್ಕಿನ ಸಣ್ಣ ಬ್ರೂವರಿಗಳಲ್ಲಿ ಗಟ್ಟಿಯಾಗಿ ನೆಲೆಯೂರಿದೆ. ಬೆಂಗಳೂರಿನ ಮೈಕ್ರೋಬ್ರೂವರಿಗಳ ಮೆನುವಿನಲ್ಲೂ ಆಗಾಗ ಅದರ ಹೆಸರು ಕಾಣಿಸಿಕೊಳ್ಳುತ್ತದೆ. ಚೇಷ್ಟೆ ಎಂದು ತಳ್ಳಿಹಾಕುವ ಮುಂಚೆ ಒಂದು ಸಂಗತಿ ಗೊತ್ತಿರಬೇಕು. ಒಂದೇ ಒಂದು ಕಾಫಿ ಬೀಜ ಬೀಳದ ಸ್ಟೌಟಿನಲ್ಲೂ ಕಾಫಿಯ ರುಚಿ ಇದ್ದೇ ಇರುತ್ತದೆ.

ಅದಕ್ಕೆ ಕಾರಣ ಬಾರ್ಲಿಯನ್ನು ಹುರಿಯುವ ರೀತಿ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ಹದವಾದ ಕಾವಿನಲ್ಲಿ ಒಣಗಿದ ಮಾಲ್ಟಿನಿಂದ ನಾವೆಲ್ಲ ಕಂಡಿರುವ ಹೊಂಬಣ್ಣದ ಬಿಯರು ಬರುತ್ತದೆ. ಅದೇ ಕಾಳನ್ನು 200 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಪ್ಪಗೆ ಹುರಿದರೆ ಕಥೆಯೇ ಬೇರೆ. 1817ರಲ್ಲಿ ಇಂಗ್ಲೆಂಡಿನ ಡೇನಿಯಲ್ ವ್ಹೀಲರ್ ಎಂಬಾತ ಮಾಲ್ಟನ್ನು ಸುಡದೆ ಕಪ್ಪಗೆ ಹುರಿಯುವ ತಿರುಗು ಉರುಳೆಯೊಂದಕ್ಕೆ ಪೇಟೆಂಟ್ ಪಡೆದ. ಕಾಫಿ ಹುರಿಯುವ ಯಂತ್ರದ ರೀತಿಯದೇ ಅದು. ಅಲ್ಲಿಂದ ಮುಂದೆ ಲಂಡನ್ನಿನಲ್ಲಿ ಪೋರ್ಟರ್ ಎಂಬ ಕಪ್ಪು ಬಿಯರು ತಯಾರಿಸುವವರು ಬಹುಪಾಲು ತಿಳಿ ಮಾಲ್ಟನ್ನೇ ಬಳಸಿ, ಬಣ್ಣಕ್ಕೂ ಕಹಿಗೂ ಒಂದಿಷ್ಟು ಕಪ್ಪು ಮಾಲ್ಟ್ ಸೇರಿಸತೊಡಗಿದರು. ಪೋರ್ಟರಿನ ಗಟ್ಟಿ ರೂಪವೇ ಸ್ಟೌಟ್. ಡಬ್ಲಿನ್ನಿನ ಗಿನ್ನೆಸ್ ಈಗಲೂ ಮೊಳಕೆ ಬರಿಸದ ಬಾರ್ಲಿಯನ್ನು ಹುರಿದು ಹಾಕುತ್ತದೆ. ಹುರಿದ ಬಾರ್ಲಿಯಲ್ಲಿ ಏಳುವ ಪೈರಜೀನ್ ಎಂಬ ಘಮದ ಕಣಗಳು ಹುರಿದ ಕಾಫಿ ಬೀಜದಲ್ಲೂ ಏಳುತ್ತವೆ. ಕಾವಲಿಯ ಮೇಲೆ ದೋಸೆ ಕೆಂಪಾಗುವಾಗ ನಡೆಯುವ ಮೈಯಾರ್ ಕ್ರಿಯೆಯೇ ಇವೆರಡರಲ್ಲೂ ನಡೆಯುವುದು. ಹಾಗಾಗಿ ಸ್ಟೌಟಿಗೆ ಕಾಫಿ ಪರಕೀಯವೇನಲ್ಲ, ಹತ್ತಿರದ ನೆಂಟ. ಕಷ್ಟ ಇರುವುದೂ ಅಲ್ಲೇ. ಈಗಾಗಲೇ ಕಾಫಿಯ ಕಹಿ ಇರುವ ಪಾನೀಯಕ್ಕೆ ಕಾಫಿ ಸೇರಿಸಿ, ಆಮೇಲೂ ಅದು ಬಿಯರಾಗಿಯೇ ಉಳಿಯಬೇಕು.

ಈ ಮಿಶ್ರಣ ಮೊದಲು ಸದ್ದು ಮಾಡಿದ ಊರುಗಳಲ್ಲಿ ಸಿಯಾಟಲ್ ಒಂದು. ಅಲ್ಲಿನ ರೆಡ್‌ಹುಕ್ ಬ್ರೂವರಿ 1995ರಲ್ಲಿ ಸ್ಟಾರ್‌ಬಕ್ಸ್ ಕಾಫಿ ಹಾಕಿದ ಡಬಲ್ ಬ್ಲ್ಯಾಕ್ ಸ್ಟೌಟ್ ತಂದಿತು. ಇದರ ಹಿಂದೆ ಒಂದು ಮನೆವಾರ್ತೆಯೂ ಇದೆ. 1971ರಲ್ಲಿ ಸ್ಟಾರ್‌ಬಕ್ಸ್ ಆರಂಭಿಸಿದ ಮೂವರಲ್ಲಿ ಒಬ್ಬರಾದ ಗಾರ್ಡನ್ ಬೌಕರ್ ಅವರೇ 1981ರಲ್ಲಿ ಪಾಲ್ ಶಿಪ್‌ಮನ್ ಜೊತೆ ಸೇರಿ ರೆಡ್‌ಹುಕ್ ಕಟ್ಟಿದವರು. ಅದೇ ಹೊತ್ತಿಗೆ ಡೆಲವೇರ್‌ನ ಡಾಗ್‌ಫಿಶ್ ಹೆಡ್ ಕಾಫಿಯ ಜೊತೆಗೆ ಚಿಕೋರಿಯನ್ನೂ ಹಾಕಿ ಚಿಕೋರಿ ಸ್ಟೌಟ್ ಮಾಡಿತ್ತು. ಚಿಕೋರಿ ನಮ್ಮದೇ ಎಂದು ನಂಬಿರುವ ನಾವು ಇದನ್ನು ಗಮನಿಸಬೇಕು.

ಕಾಫಿ ಸ್ಟೌಟನ್ನು ಮನೆಮಾತಾಗಿಸಿದ್ದು ಮಾತ್ರ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ಊರಿನ ಫೌಂಡರ್ಸ್. ಮೈಕ್ ಸ್ಟೀವನ್ಸ್ ಮತ್ತು ಡೇವ್ ಎಂಗ್‌ಬರ್ಸ್ 1997ರಲ್ಲಿ ಇದನ್ನು ತೆರೆದರು. ಮೊದಲ ವರ್ಷಗಳಲ್ಲಿ ಎಲ್ಲರಂತೆ ಸೌಮ್ಯ ಬಿಯರು ಮಾಡಿ ದಿವಾಳಿಯ ಅಂಚಿಗೆ ಬಂದಿದ್ದರು. ಮುಳುಗುವುದೇ ಆದರೆ ನಮಗೆ ಇಷ್ಟವಾದದ್ದನ್ನಾದರೂ ಮಾಡಿ ಮುಳುಗೋಣ ಎಂದು ಗಟ್ಟಿ ಬಿಯರಿನ ದಾರಿ ಹಿಡಿದರು. ಆಗಿನ ಒಂದು ಪ್ರಸಂಗವನ್ನು ಎಂಗ್‌ಬರ್ಸ್ ಹಲವು ಬಾರಿ ಹೇಳಿಕೊಂಡಿದ್ದಾರೆ. ತಮ್ಮ ಬಾರಿನಲ್ಲಿ ಕಪ್ಪು ಬಿಯರು ಕುಡಿಯುತ್ತ ಕೂತಿದ್ದಾಗ ಯಾರೋ ಚಾಕೊಲೇಟ್ ಲೇಪಿಸಿದ ಕಾಫಿ ಬೀಜ ಕೊಟ್ಟರು. ಅದನ್ನು ಕಡಿದು ಒಂದು ಗುಟುಕು ಕುಡಿದದ್ದೇ ತಡ, ಮುಂದಿನ ಬಿಯರು ಯಾವುದೆಂದು ಹೊಳೆಯಿತು. ಓಟ್ಸ್, ಚಾಕೊಲೇಟ್, ಸುಮಾತ್ರಾ ಮತ್ತು ಹವಾಯಿಯ ಕೋನಾ ಕಾಫಿ ಸೇರಿ ಬ್ರೇಕ್‌ಫಾಸ್ಟ್ ಸ್ಟೌಟ್ ಆಯಿತು. ಲೇಬಲ್ಲಿನಲ್ಲಿ ಬಟ್ಟಲಿನಿಂದ ತಿಂಡಿ ತಿನ್ನುತ್ತಿರುವ ಮಗುವಿನ ಚಿತ್ರ. ಮದ್ಯದ ಲೇಬಲ್ಲಿನಲ್ಲಿ ಮಕ್ಕಳ ಚಿತ್ರ ಕೂಡದು ಎಂಬ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕಾನೂನಿಗೆ ಅದು ಸಿಕ್ಕಿಬಿತ್ತು. ನಿಯಮ ಸಡಿಲಿಸುವ ಮಸೂದೆಯನ್ನು 2014ರಲ್ಲಿ ಅಲ್ಲಿನ ಗವರ್ನರ್ ಮ್ಯಾಗಿ ಹಸನ್ ತಡೆಹಿಡಿದರು. ಇದೇ ಬಿಯರಿನ ಅಣ್ಣನಂತಿರುವ ಕೆಬಿಎಸ್ ಅನ್ನು ಬರ್ಬನ್ ಪೀಪಾಯಿಗಳಲ್ಲಿ ತುಂಬಿ, ಊರಿನ ನೆಲದಡಿಯ ಹಳೆಯ ಜಿಪ್ಸಂ ಗಣಿಯ ತಂಪಿನಲ್ಲಿ ಮಾಗಿಸುತ್ತಾರೆ.

ಮಿಷಿಗನ್‌ನಲ್ಲಿ ನೆಲೆಸಿರುವ ಗೆಳೆಯರೊಬ್ಬರು ರಜೆಗೆ ಬರುವಾಗ ಬಟ್ಟೆಗಳ ನಡುವೆ ಸುತ್ತಿ ತಂದಿದ್ದ ಒಂದು ಬ್ರೇಕ್‌ಫಾಸ್ಟ್ ಸ್ಟೌಟ್ ಬಾಟಲಿಯನ್ನು ಜಯನಗರದ ಮನೆಯೊಂದರಲ್ಲಿ ನಾಲ್ವರು ಹಂಚಿಕೊಂಡೆವು. ಇನ್ನಿಬ್ಬರಲ್ಲಿ ಒಬ್ಬರು ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರು, ಇನ್ನೊಬ್ಬರು ನಗರದ ಬ್ರೂಪಬ್‌ನಲ್ಲಿ ಬಿಯರು ಕಾಯಿಸುವವರು. 355 ಮಿಲಿಲೀಟರಿನ ಬಾಟಲಿ, ನಾಲ್ಕು ಪುಟ್ಟ ಲೋಟ. ಆಲ್ಕೋಹಾಲು ಶೇ 8.3 ಇರುವುದರಿಂದ ಅಷ್ಟೇ ಸಾಕು. ಸುರಿದಾಗ ಬಿಯರು ಅವಸರವಿಲ್ಲದೆ ಇಳಿಯಿತು. ಮೇಲೆ ಕಟ್ಟಿದ ನೊರೆಯೂ ಬಿಳಿಯಲ್ಲ, ಕಂದು. ಟ್ಯೂಬ್‌ಲೈಟಿಗೆ ಹಿಡಿದರೂ ಲೋಟದಾಚೆಯ ಬೆಳಕು ಕಾಣಲಿಲ್ಲ. ಮೂಗಿಗೆ ಮೊದಲು ಬಂದದ್ದು ಕಾಫಿ, ಅದರ ಹಿಂದೆ ಸಿಹಿಯಿಲ್ಲದ ಕೋಕೋ. ನಾಲಿಗೆಯ ಮೇಲೆ ಓಟ್ಸಿನ ಮಂದ ನುಣುಪು. ನುಂಗಿದ ಮೇಲೆ ಹಾಪ್ಸ್ ಹೂವಿನ ಕಹಿ ಯಾವುದು, ಹುರಿದ ಕಾಳಿನ ಕಹಿ ಯಾವುದು, ಕಾಫಿಯ ಕಹಿ ಯಾವುದು ಎಂದು ಬಿಡಿಸಲಾಗಲಿಲ್ಲ. ಒಳ್ಳೆಯ ಕಾಫಿ ಸ್ಟೌಟಿಗೆ ನನ್ನ ಮಟ್ಟಿಗೆ ಇದೇ ಪರೀಕ್ಷೆ. ಕಾಳು ಎಲ್ಲಿ ಮುಗಿಯಿತು, ಬೀಜ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸುವಂತಿದ್ದರೆ ಆ ಬಿಯರು ಇನ್ನೂ ಕೂಡಿಕೊಂಡಿಲ್ಲ ಎಂದೇ ಅರ್ಥ.

ಬೆಳೆಗಾರರಿಗೆ ಮಾತ್ರ ಪೂರ್ತಿ ಒಪ್ಪಿಗೆಯಾಗಲಿಲ್ಲ. ‘ಕಾಫಿ ಇದೆ ಮಾರಾಯ್ರೇ, ಇಲ್ಲ ಅನ್ನಲ್ಲ. ಆದ್ರೆ ಯಾವ ತೋಟದ್ದು, ಯಾವ ನೆರಳಿನದ್ದು ಅಂತ ಹೇಳೋಕೆ ಆಗುತ್ತಾ? ಇಷ್ಟು ಕಪ್ಪಿನೊಳಗೆ ಹಾಕಿದ್ರೆ ಅರೇಬಿಕಾನೂ ಒಂದೇ, ರೋಬಸ್ಟಾನೂ ಒಂದೇ’ ಎಂದರು. ಬಾಟಲಿ ತಂದವರು ನಕ್ಕು, ‘ನಿಮಗೆ ತೋಟ ಬೇಕು, ಅವರಿಗೆ ಬ್ರೇಕ್‌ಫಾಸ್ಟ್ ಸಾಕು’ ಅಂದರು. ಬೆಳೆಗಾರರ ದೂರಿನಲ್ಲಿ ಹುರುಳಿದೆ. ಅದಕ್ಕೆ ಉತ್ತರವಾಗಿಯೇ ಈಚೆಗೆ ಕೆಲವರು ಹೊಂಬಣ್ಣದ ತಿಳಿ ಬಿಯರಿಗೆ ಹದವಾಗಿ ಹುರಿದ ಕಾಫಿ ಸೇರಿಸುತ್ತಿದ್ದಾರೆ. ಅಲ್ಲಿ ಬೀಜದ ಹಣ್ಣಿನ ಘಮ, ಹುಳಿ ಎಲ್ಲ ಬಯಲಾಗುತ್ತವೆ. ಜಾಣತನದ ಕೆಲಸ, ಒಪ್ಪುತ್ತೇನೆ. ಆದರೆ ಎರಡನೇ ಲೋಟ ಕೇಳುವ ಆಸೆ ನನಗೆ ಇನ್ನೂ ಬಂದಿಲ್ಲ.

ಲೋಟ ಖಾಲಿಯಾದ ಮೇಲೆ ಬಿಯರು ಕಾಯಿಸುವವರು ತಮ್ಮ ಪಾಡು ಹೇಳಿಕೊಂಡರು. ಕಾಫಿಯನ್ನು ಬಿಯರಿಗೆ ಯಾವಾಗ ಹಾಕಬೇಕು ಎಂಬುದರಲ್ಲೇ ಅವರ ಕಸುಬಿನ ಅರ್ಧ ಗುಟ್ಟಿದೆ. ಮಾಲ್ಟಿನ ರಸ ಕುದಿಯುವಾಗಲೇ ಪುಡಿ ಹಾಕಿದರೆ ಘಮವೆಲ್ಲ ಆವಿಯಾಗಿ ಹೋಗಿ ಕಹಿಯೂ ಒಗರೂ ಉಳಿಯುತ್ತವೆ. ಬಿಸಿ ಡಿಕಾಕ್ಷನ್ ಇಳಿಸಿ ಬೆರೆಸಿದರೆ ಹುಳಿಯ ಭಯ. ಆದ್ದರಿಂದ ಹೆಚ್ಚಿನವರು ತರಿತರಿ ಪುಡಿಯನ್ನು ತಣ್ಣೀರಿನಲ್ಲಿ 12ರಿಂದ 24 ಗಂಟೆ ನೆನೆಸಿ, ಸೋಸಿ, ಹುದುಗು ಮುಗಿದ ಬಿಯರಿಗೆ ಸೇರಿಸುತ್ತಾರೆ. ಇನ್ನು ಕೆಲವರು ಪುಡಿಯನ್ನೇ ಮಾಡುವುದಿಲ್ಲ. ಇಡೀ ಬೀಜವನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ, ತಣ್ಣಗಿನ ಟ್ಯಾಂಕಿನೊಳಗೆ ಒಂದೆರಡು ದಿನ ಇಳಿಬಿಟ್ಟು ತೆಗೆಯುತ್ತಾರೆ. ನಮ್ಮ ಬ್ರೂವರ್ ಈ ಪಂಥದವರು. ‘ಬೀಜ ಹಾಕಿ ಮರೆತ್ರೆ ಕೆಟ್ಟೆವು ಸರ್’ ಎಂದರು. ಹೆಚ್ಚು ಹೊತ್ತು ಬಿಟ್ಟರೆ, ಇಲ್ಲವೇ ಕಾಫಿ ಬಿಯರು ಹಳತಾದರೆ, ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ ಮೇಲೇಳುತ್ತದೆ. ಅದನ್ನು ಒಮ್ಮೆ ಮೂಗು ಗುರುತಿಸಿತೆಂದರೆ ಆ ಲೋಟದಲ್ಲಿ ಬೇರೇನೂ ಕಾಣುವುದಿಲ್ಲ. ಕಾಫಿ ಬೀಜದ ಎಣ್ಣೆಯದು ಇನ್ನೊಂದು ಕಾಟ. ಎಣ್ಣೆ ಹೆಚ್ಚಾದರೆ ನೊರೆ ನಿಲ್ಲದು. ಚೆನ್ನಾಗಿ ಎಣ್ಣೆ ಬಿಟ್ಟು ಮಿರುಗುವ ಕರಿ ಬೀಜ ನೋಡಲು ಚಂದ, ಬಿಯರಿಗೆ ಅಷ್ಟು ಹೊಂದುವುದಿಲ್ಲ.

ಎಲ್ಲರೂ ಇಷ್ಟು ಅಂಜುವುದಿಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ 1998ರಲ್ಲಿ ತೆರೆದ ಡ್ಯೂ ಡು ಸಿಯೆಲ್ ಬ್ರೂಪಬ್‌ನ ಪೆಶೆ ಮೋರ್ಟೆಲ್, ಹೆಸರಿಗೆ ತಕ್ಕ ಹಾಗೆ ಮಹಾಪಾತಕವೇ. ಶೇ 9.5 ಆಲ್ಕೋಹಾಲು, ಕಾಫಿಯ ಕಹಿಯನ್ನು ಮರೆಮಾಚುವ ಯತ್ನವೇ ಇಲ್ಲ. ಕೋಪನ್‌ಹೇಗನ್‌ನಲ್ಲಿ ಶಾಲಾ ಮಾಸ್ತರರಾಗಿದ್ದ ಮಿಕೆಲ್ ಬೋರ್ಗ್ ಬಿಯರ್ಗ್ಸೊ ಮತ್ತು ಪತ್ರಕರ್ತ ಕ್ರಿಸ್ಟಿಯನ್ ಕೆಲ್ಲರ್ ಅಡುಗೆಮನೆಯ ಪ್ರಯೋಗಗಳಿಂದ ಶುರುಮಾಡಿ, 2006ರಲ್ಲಿ ಮಿಕೆಲ್ಲರ್ ಕಂಪನಿ ಕಟ್ಟಿದರು. ಅವರಿಗೆ ಹೆಸರು ತಂದದ್ದು ಬಿಯರ್ ಗೀಕ್ ಬ್ರೇಕ್‌ಫಾಸ್ಟ್ ಎಂಬ ಓಟ್ಸ್ ಕಾಫಿ ಸ್ಟೌಟ್. ಸ್ವಂತ ಬ್ರೂವರಿಯಿಲ್ಲದೆ ಬೇರೆಯವರ ಟ್ಯಾಂಕುಗಳಲ್ಲಿ ಕಾಯಿಸಿಕೊಂಡೇ ಅವರು ಜಗತ್ತು ಸುತ್ತಿದರು. ಬಿಯರ್ ಗೀಕ್ ಬ್ರೇಕ್‌ಫಾಸ್ಟಿನ ತಮ್ಮನಾಗಿ ಬಂದ ಬ್ರಂಚ್ ವೀಸಲ್‌ಗೆ ವಿಯೆಟ್ನಾಂನ ಪುನುಗು ಬೆಕ್ಕಿನ ಕಾಫಿ ಬಳಸಿದರು. ಬೆಕ್ಕು ತಿಂದು ಹೊರಹಾಕಿದ ಬೀಜಕ್ಕೆ ತೆರುವ ಆ ಬೆಲೆ, ಅಷ್ಟು ಗಟ್ಟಿ ಸ್ಟೌಟಿನೊಳಗೆ, ಲೇಬಲ್ಲಿನಲ್ಲೇ ಹೆಚ್ಚು ಕಾಣುತ್ತದೆ ಎಂಬುದು ನನ್ನ ಗುಮಾನಿ.

ಇನ್ನು ನಮ್ಮೂರು. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ಕರ್ನಾಟಕ. ಇಂದಿರಾನಗರದ ಟಾಯ್ಟ್, ವಿಠಲ ಮಲ್ಯ ರಸ್ತೆಯ ದಿ ಬಿಯರ್ ಕ್ಲಬ್ 2010–11ರ ಹೊತ್ತಿಗೆ ಬಾಗಿಲು ತೆರೆದ ಮೇಲೆ ದೇಶದ ಕ್ರಾಫ್ಟ್ ಬಿಯರಿನ ದೊಡ್ಡ ಊರಾಗಿರುವುದೂ ಬೆಂಗಳೂರು. ಮ್ಯಾಗ್ರತ್ ರಸ್ತೆಯ ಆರ್ಬರ್ ಬ್ರೂಯಿಂಗ್ ಅಂತೂ ಹೆಸರನ್ನೂ ಪಾಠವನ್ನೂ ಮಿಷಿಗನ್‌ನ ಆ್ಯನ್ ಆರ್ಬರ್‌ನಿಂದ ಪಡೆದದ್ದು. ಚಿಕ್ಕಮಗಳೂರಿನ ಬೀಜ ಹುರಿದ ವಾರದಲ್ಲೇ ಟ್ಯಾಂಕಿಗೆ ಇಳಿಯಬಹುದು. ಬ್ರೂಪಬ್‌ನಲ್ಲಿ ಟ್ಯಾಂಕಿನಿಂದ ಟೇಬಲ್ಲಿಗೆ ಕೆಲವೇ ಹೆಜ್ಜೆ. ಕಾಫಿ ಬಿಯರಿನ ದೊಡ್ಡ ಶತ್ರು ಕಾಲ ಎಂದಾದರೆ, ಬಾಟಲಿಯಲ್ಲಿ ತುಂಬಿ ಸಾಗರ ದಾಟಿಸುವವರಿಗಿಲ್ಲದ ಅನುಕೂಲ ನಮ್ಮವರಿಗಿದೆ. ಆದರೆ ನಾನು ಕುಡಿದ ಸ್ಥಳೀಯ ಕಾಫಿ ಸ್ಟೌಟುಗಳಲ್ಲಿ ಕೆಲವು ಚೆನ್ನಾಗಿದ್ದವು, ಹಲವು ತೆಳುವಾಗಿದ್ದವು. ಬಿಯರು ತೆಳುವಾದರೆ ಕಾಫಿ ತಲೆಯೆತ್ತಿ ನಿಲ್ಲುತ್ತದೆ, ಆಗ ಕುಡಿದಂತಾಗುವುದು ಆರಿದ ಕರಿಕಾಫಿಯನ್ನೇ. ಫಿಲ್ಟರ್ ಕಾಫಿ ಎಂಬ ಹೆಸರಿನ ಆಸೆಗೆ ಚಿಕೋರಿ ಬೆರೆತ ಪುಡಿ ಹಾಕುವುದೂ ಉಂಟು. ಹುರಿದ ಬಾರ್ಲಿಯೇ ಚಿಕೋರಿಯ ಕೆಲಸ ಮಾಡುತ್ತಿರುವಾಗ ಇನ್ನೊಂದು ಚಿಕೋರಿ ಏಕೆ? ಅದಕ್ಕಿಂತ ಹಾಲಿನ ಸಕ್ಕರೆ ಸೇರಿಸುವ ಮಿಲ್ಕ್ ಸ್ಟೌಟಿನ ದಾರಿ ನಮ್ಮ ನಾಲಿಗೆಗೆ ಹತ್ತಿರ. ಬಿಯರಿನ ಯೀಸ್ಟ್ ಲ್ಯಾಕ್ಟೋಸನ್ನು ಜೀರ್ಣಿಸಿಕೊಳ್ಳದ ಕಾರಣ ಆ ಸಣ್ಣ ಸಿಹಿ ಕೊನೆಯವರೆಗೆ ಉಳಿದು, ಕಾಫಿಯ ಕಹಿಗೆ ಹಾಲು ಬೆರೆಸಿದ ಹದ ಕೊಡುತ್ತದೆ. ಹಾಲು ಒಗ್ಗದವರು ಮಾತ್ರ ಮೊದಲೇ ವಿಚಾರಿಸಿಕೊಳ್ಳಬೇಕು.

ರುಚಿ ನೋಡುವ ಮನಸ್ಸಿದ್ದವರಿಗೆ ಒಂದೆರಡು ಮಾತು. ಮಂಜಿನಂತೆ ತಣ್ಣಗಿರುವ ಸ್ಟೌಟ್ ಮೂಗಿಗೆ ಏನನ್ನೂ ಕೊಡುವುದಿಲ್ಲ. ತಂದಿಟ್ಟ ಮೇಲೆ ಸ್ವಲ್ಪ ಹೊತ್ತು ಬಿಡಿ, 10–12 ಡಿಗ್ರಿಗೆ ಬಂದಾಗ ಚಾಕೊಲೇಟೂ ಕಾಫಿಯೂ ಘಮವಾಗಿ ಏಳುತ್ತವೆ. ಜೊತೆಗೆ ಹುರಿಗಡಲೆ, ಕೋಡುಬಳೆಗಿಂತ ಕರಗುವ ಬಿಸಿ ಮೈಸೂರುಪಾಕ್ ಹೊಂದುತ್ತದೆ, ನಂಬಿ. ತರಿಸುವ ಮೊದಲು ಕಾಫಿ ಹಾಕಿ ಎಷ್ಟು ದಿನವಾಯಿತು ಎಂದು ಬ್ರೂವರನ್ನೇ ಕೇಳಿ. ತಿಂಗಳು ದಾಟಿದ್ದರೆ ಬೇರೆ ಬಿಯರು ನೋಡಿ. ಕಾಫಿ ಇದೆಯಲ್ಲ, ಅಮಲು ಏರುವುದಿಲ್ಲ ಎಂದು ಹೇಳುವವರ ಮಾತು ಕೇಳಬೇಡಿ. ಕೆಫೀನ್ ಅಮಲನ್ನು ಇಳಿಸುವುದಿಲ್ಲ, ಏರಿದ್ದು ತಿಳಿಯದಂತೆ ಮಾಡುತ್ತದೆ. ಇದೇ ಕಾರಣಕ್ಕೆ 2010ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಮದ್ಯಕ್ಕೆ ಪ್ರತ್ಯೇಕವಾಗಿ ಕೆಫೀನ್ ಬೆರೆಸುತ್ತಿದ್ದ ನಾಲ್ಕು ಕಂಪನಿಗಳಿಗೆ ಎಚ್ಚರಿಕೆಯ ಪತ್ರ ಬರೆಯಿತು. ಕಾಫಿ ಸ್ಟೌಟ್ ಆ ಪಟ್ಟಿಯಲ್ಲಿರಲಿಲ್ಲ. ಆದರೂ ಮನೆಗೆ ಹೋಗುವಾಗ ಆಟೋ ಹಿಡಿಯಿರಿ.